ನೂರಕ್ಕ ಮೂವತ್ತೊಂದು

ಮುಂಜಾನಿ ಆರಕ್ಕ, ಚಹಾಕ್ಕಿಂತ ಮೊದಲ,
ಕೊಳವಿ ಬಾಯಾಗಿಟ್ಟು ಊದ್ತೀನಿ.
ಸುಗಲಾ ಎದುರಿಗೆ ಕೂತು ಬೆರಳು ಮಡಚ್ತಾಳ:
ಒಂದು, ಎರಡು, ಇನ್ನೂ, ಇನ್ನೂ, ಸಾಕು.
ಅಂಕಿ ಫೋನಿಗಿ ಹೋಗ್ತದ, ಫೋನಿನಿಂದ ಪುಣೆಕ್ಕ,
ಅಲ್ಲಿ ನನ್ನ ಹೆಸರಿಲ್ಲದ ಒಂದು ಸಾಲಿನಾಗ ಕೂಡ್ತದ.

ಅಲ್ಲಿರೂದು ಒಂದು ಲೆಕ್ಕದ ಯಂತ್ರ.
ಕೈ ಇಲ್ಲ, ಕಿವಿಗೆ ನಳಿಗಿ ಇಲ್ಲ,
ಹ್ಯಾಂಗಿದ್ದೀರಿ ಕಾಕಾ ಅನ್ನೂದಿಲ್ಲ.
ಎರಡು ಸಾವಿರ ಮಂದಿಯೊಳಗ ಹೊಸ ಪುಪ್ಪುಸ ಹ್ಯಾಂಗ ಬಾಳಿದವು,
ಯಾವುದು ಯಾವ ವಾರ ಮುನಿಸಿಕೊಂಡಿತು,
ಯಾರ ರಕ್ತದಾಗ ಏನು ಏರಿತ್ತು, ಏನು ಇಳದಿತ್ತು,
ಎಲ್ಲಾ ಓದಿ ಕೂತದ.
ಅನಘಾ ಅಂಬೂ ಹುಡುಗಿ ಪರದೆ ತಿರುಗಿಸಿ ತೋರಿಸಿದಳು:
ಹೊಸ ಪುಪ್ಪುಸವನ್ನ ನಿಮ್ಮ ಮೈ ಒಲ್ಲೆ ಅನ್ನೂ ಸಂಭವ,
ಆರು ತಿಂಗಳೊಳಗ,
ನೂರಕ್ಕ ಮೂವತ್ತೊಂದು.

ಮೂವತ್ತೊಂದು ಅಂದ್ರ?
ನೂರು ಚಾದರದಾಗ ಮೂವತ್ತೊಂದು ಕೆಟ್ರ
ಸೇಟು ಬಾಗಲಾ ತೋರಿಸ್ತಾನ, ಅದು ತಿಳೀತದ.
ನಾನು ಒಂದ ಒಂದು ಚಾದರ.
ಮೂವತ್ತೊಂದು ಪಾಲು ಹರಿದದ್ದು ಎಲ್ಲಿಯಾದ್ರೂ ಕಂಡೀ ಏನವ್ವಾ?

ಅನಘಾ ನಕ್ಕಳು. ಆಮ್ಯಾಲ ನಗಲಿಲ್ಲ.

ಇಪ್ಪತ್ತೆಂಟು ವರ್ಷ ಜಕಾರ್ಡ್ ಮಗ್ಗಕ್ಕ ಕಾರ್ಡ್ ಹೊಡದಾಂವ ನಾನು,
ಸೋಲಾಪುರದಾಗ, ಅಕ್ಕಲಕೋಟ ರೋಡಿನ ತಗಡಿನ ಶೆಡ್ಡಿನಾಗ.
ಗ್ರಾಫ್ ಕಾಗದದ ಮ್ಯಾಗ ನವಿಲು,
ರಟ್ಟಿನ ಮ್ಯಾಗ ತೂತು.
ತೂತಿದ್ದಲ್ಲಿ ಎಳಿ ಏಳ್ತದ, ಇಲ್ಲದಲ್ಲಿ ಮಲಗ್ತದ.
ಅಷ್ಟ. ಮಗ್ಗಕ್ಕ ನವಿಲು ಗೊತ್ತಿಲ್ಲ.
ಒಂದು ತೂತು ತಪ್ಪಿದ್ರ
ಪ್ರತಿ ನವಿಲಿನ ಕುತ್ತಿಗ್ಯಾಗ, ಅದ ಜಾಗಾದಾಗ, ಬಿಳಿ ಚುಕ್ಕಿ,
ಗಿರಾಕಿ ಮೂರು ಮಾರು ದೂರದಿಂದ ಹಿಡೀತಾನ.
ಆ ಶೆಡ್ಡಿನ ಹತ್ತಿ ಧೂಳ ನನ್ನ ಹಳೇ ಎದಿ ತಿಂತು.

ಹಂಗಾದ್ರ ನಿಮ್ಮ ಯಂತ್ರಕ್ಕ ಕಾರ್ಡ್ ಹೊಡದವರು ಯಾರು, ಅಂದೆ.
ಯಾರೂ ಇಲ್ಲ ಕಾಕಾ, ಅಂದಳು,
ನೇಯ್ದು ಮುಗಿದ ಬಟ್ಟಿ ಮುಂದ ಇಡ್ತೀವಿ,
ತೂತು ಎಲ್ಲೆಲ್ಲಿದ್ದವು ಅಂತ ಅದ ಹುಡುಕ್ಕೋತದ.

ಆ ರಾತ್ರಿ ನಿದ್ದಿ ಹತ್ತಲಿಲ್ಲ.
ನೇಯ್ದು ಮುಗಿದ ಬಟ್ಟಿ ಅಂದ್ರ ಮಂದಿ ಅಲ್ಲೇನು.
ಮುಗಿದವರು.
ಅದರಾಗ ಮಗ್ಗದ ಧೂಳು ಕುಡದವರು ಎಷ್ಟು ಅಂತ ಕೇಳಿದ್ದೆ.
ನಾಲ್ಕು, ಅಂದಿದ್ದಳು, ಸುಳ್ಳು ಹೇಳಲಿಲ್ಲ.
ಎರಡು ಸಾವಿರದಾಗ ನಾಲ್ಕು ಎಳಿ.
ನಾಲ್ಕು ಎಳಿಯಾಗ ನವಿಲಿನ ಕಣ್ಣೂ ಆಗೂದಿಲ್ಲ.

ಶ್ರಾವಣದ ಎರಡನೇ ಮಂಗಳವಾರ ಅಂಕಿ ಐವತ್ತೆಂಟಾತು.
ಮೈಗಿ ಏನೂ ಆಗಿರಲಿಲ್ಲ. ಜ್ವರ ಇಲ್ಲ, ಕೆಮ್ಮಿಲ್ಲ,
ಎರಡು ಜ್ವಾಳದ ರೊಟ್ಟಿ ತಿಂದಿದ್ದೆ ಶೇಂಗಾ ಹಿಂಡಿ ಹಚ್ಚಿ.
ಹೋಗೂದಿಲ್ಲ ಅಂದೆ.
ಮತ್ತ ಗಾಡಿ ಖರ್ಚು, ಮತ್ತ ಆ ಗಾಜಿನ ಕೋಣಿ.
ಸುಗಲಾ ಚೀಲ ತುಂಬಿ ಬಾಗಲಾಗ ನಿಂತಿದ್ದಳು:
ಆ ಎದಿ ನಿಮ್ಮದಂತ ತಿಳಕೊಂಡೀರೇನು?
ಯಾವ ತಾಯಿ ಬಿಟ್ಟುಕೊಟ್ಟದ್ದೋ ಅದು.

ಪುಣೆದಾಗ ಒಂದು ಚೂರು ತಗದು ನೋಡಿದ್ರು.
ಮುನಿಸು ಆಗಷ್ಟ ಶುರುವಾಗಿತ್ತು,
ಬಟ್ಟಿ ಮ್ಯಾಗ ಇನ್ನೂ ಬೀಳದ ಚುಕ್ಕಿ.
ಮೂರು ದಿನ ಸಲೈನು, ತಿರುಗಿ ಬಂದಿವಿ.
ಬಾಜೂ ಹಾಸಿಗಿಯ ಲಾತೂರಿನ ಮಾಸ್ತರಗ
ಯಂತ್ರ ಹನ್ನೆರಡು ಅಂದಿತ್ತು.
ಅವರು ಬರಲಿಲ್ಲ.

ಅದಕ್ಕ ನಾನು ಅದಕ್ಕ ಕೈ ಮುಗಿಯೂದಿಲ್ಲ.
ಬಯ್ಯೂದೂ ಇಲ್ಲ.
ಹೊರಡೂ ಮುಂದ ಅನಘಾ ಒಂದು ಕಾಗದ ಕೊಟ್ಟಳು,
ನಿಮ್ಮ ಅಂಕಿನೂ ಅದಕ್ಕ ಕಲಿಸಲಿಕ್ಕೆ ಕೊಡ್ತೀರೇನು ಅಂತ.
ಕಾರ್ಡ್ ಹೊಡೂ ಹಂಗ ಒತ್ತಿ ಬರದೆ:
ಗುರಪಾದಪ್ಪ ಕಲಶೆಟ್ಟಿ.
ಐದನೇ ಎಳಿ.

ಇವತ್ತು ಮತ್ತ ಊದಿದೆ.
ಯಾರದೋ ಹುಡುಗನ ಗಾಳಿ, ನನ್ನ ಬಾಯಿ, ಸುಗಲಾನ ಬೆರಳು.
ಇನ್ನೂ ಅಂದಳು. ಇನ್ನೂ.
ಚಹಾ ಉಕ್ಕಿ ಒಲಿಮ್ಯಾಗ ಸುರೀತು,
ಆಕಿ ಏಳಲಿಲ್ಲ.