ಮಂಡಿ

ಮಿಸಿಸಿಪ್ಪಿಯ ಆ ಜಿಮ್ಮಿನಲ್ಲಿ ಹೀಟರ್ ಕೆಟ್ಟಿತ್ತು.
ಹನ್ನೊಂದನೇ ನಂಬರಿನ ಹುಡುಗಿ, ಡೆಲ್ಫೀನ್,
ಚೆಂಡು ಎಸೆದ ಮೇಲೆ ಬುಟ್ಟಿಯತ್ತ ನೋಡುತ್ತಲೇ ಇರಲಿಲ್ಲ,
ಬೆನ್ನು ತಿರುಗಿಸಿ ಓಡುತ್ತಿದ್ದಳು.
ಬಲೆ ಸರಕ್ಕೆಂದದ್ದು
ನನಗಷ್ಟೇ ಸುದ್ದಿ.

ಮರುದಿನ ಅವರ ಅಡುಗೆಮನೆ.
ಸ್ಕಾಲರ್‌ಶಿಪ್ಪು, ಹಾಸ್ಟೆಲು, ಟಿವಿಯಲ್ಲಿ ಪಂದ್ಯ:
ಆರು ಕಾಲೇಜಿನವರು ಹೇಳಿ ಸವೆಸಿದ ಮಾತನ್ನೇ
ನಾನೂ ಬಡಿಸಿದೆ.
ಹುಡುಗಿ ಉಗುರು ಕಚ್ಚುತ್ತಿದ್ದಳು.

ಬೀನ್ಸ್ ಬಿಡಿಸುತ್ತಿದ್ದ ಅಜ್ಜಿ ಅರ್ನೆಸ್ಟೀನ್
ತಲೆಯೆತ್ತದೆ ಕೇಳಿದಳು:
"ಮಂಡಿ ಹೋದ ದಿನ
ಇವಳ ಹೆಸರು ನೆನಪಿರುತ್ತದಾ ನಿಮಗೆ?"

ಮೇಜಿನಡಿ ನನ್ನ ಕೈ
ತಾನಾಗೇ ಎಡಗಾಲಿಗೆ ಹೋಯಿತು,
ಇಪ್ಪತ್ತೆರಡು ವರ್ಷ ಹಳೆಯ ಹೊಲಿಗೆಗೆ.
ಅಂದು ನನ್ನನ್ನು ಆರಿಸಿದವರು
ಆಮೇಲೆ ಫೋನ್ ಎತ್ತಿರಲಿಲ್ಲ.

ಉತ್ತರ ಹೊಳೆಯಲಿಲ್ಲ.
ಪೆನ್ನು ಮುಚ್ಚಿಟ್ಟು
ಅಜ್ಜಿಯ ಬೋಗುಣಿಯಿಂದ ಒಂದು ಹಿಡಿ ಕಾಯಿ
ನನ್ನತ್ತ ಎಳೆದುಕೊಂಡೆ.