ಲಾಭ, ಎರಡು, ಮೂರು

ಸೋಮವಾರ ನಮ್ಮೂರಿನ ಎಲುಬು ಡಾಕ್ಟರು: ಟ್ರಮಡಾಲ್, ಇಪ್ಪತ್ತು.
ಗುರುವಾರ ಹುಬ್ಬಳ್ಳಿಯ ಚೀಟಿ: ಟಪೆಂಟಡಾಲ್, ಮೂವತ್ತು.
ಎರಡೂ ನನ್ನ ಕೈಬರಹದಲ್ಲೇ ಇವೆ, ಕೆಂಪು ಗೆರೆಯ ರಿಜಿಸ್ಟರಿನಲ್ಲಿ.
ರೋಗಿ: ಬುಧಾ ಹರಿಕಂತ್ರ, ಐವತ್ತೆಂಟು, ಬೈತಖೋಲ.
ಒಯ್ದವರು: ಹೆಂಡತಿ ತುಳಸು.
ರುಜುವಿನ ಜಾಗದಲ್ಲಿ ಹೆಬ್ಬೆಟ್ಟು,
ಅದರ ಪಕ್ಕ ಮೀನಿನ ಹುರುಪೆಯೊಂದು ಅಂಟಿ ಒಣಗಿದೆ.

ಭಾನುವಾರ ಅರ್ಧ ಶಟರು ಎಳೆದಾಗ ಬಂದಳು,
ಬುಟ್ಟಿ ಹೊರಗಿಟ್ಟು, ಬಗ್ಗಿ.
ಈ ಸಲ ಬಾಂಬೋಳಿಯ ದೊಡ್ಡಾಸ್ಪತ್ರೆಯದು.
ಮೇಲಿನ ಸಾಲು: ಮಾರ್ಫಿನ್.
"ಅದು ನಮ್ಮಲ್ಲಿ ಸಿಗೋದಿಲ್ಲ," ಅಂದೆ, ಸ್ವಲ್ಪ ಬೇಗನೇ.
"ಗೊತ್ತದೆ ಬಾಯಿ. ಅಲ್ಲೇ ಕೊಟ್ಟರು.
ಕೆಳಗಿಂದು ಕೊಡು, ಹೊಟ್ಟೆ ಸಲೀಸಾಗೋದು."

ಏಳು ದಿನ, ಮೂರು ಊರು, ಮೂರು ಹೆಸರು.
ಇನ್‌ಸ್ಪೆಕ್ಟರು ಹೋದ ತಿಂಗಳಷ್ಟೇ ಹೇಳಿದ್ದರು:
ಧಕ್ಕೆಯ ಹಿಂದೆ, ಐಸ್ ಫ್ಯಾಕ್ಟರಿ ಗೋಡೆಯ ನೆರಳಲ್ಲಿ
ಹುಡುಗರು ಇಂಥವನ್ನು ಒಂದೊಂದಾಗಿ ಕೊಳ್ಳುತ್ತಾರೆ, ಜೋಕೆ.
"ಹಳೇದೆಲ್ಲ ಏನು ಮಾಡಿದಿ?"
ಕೇಳಿದ್ದು ನಾನೋ, ಅವರೋ.

ಅವಳಿಗೆ ದನಿಯ ಮೊನೆ ತಾಗಲಿಲ್ಲ. ತಾಗಿತೇನೋ;
ನಲವತ್ತು ವರ್ಷ ಮೀನಿನ ಮುಳ್ಳು ಚುಚ್ಚಿಸಿಕೊಂಡ ಕೈ ಅದು.
ಸೆರಗಿನ ಗಂಟು ಬಿಚ್ಚಿ ಮೂರೂ ಸ್ಟ್ರಿಪ್ಪು ಗಾಜಿನ ಮೇಲಿಟ್ಟಳು.
"ಬಿಳೀದು ಬೆಳಿಗ್ಗೆ. ಹಳದಿ ಮಧ್ಯಾಹ್ನ, ರಾತ್ರಿ.
ಗೋವೆಯದು ನಾಲ್ಕು ತಾಸಿಗೊಮ್ಮೆ.
ಒಂದೂ ತಪ್ಪಿಸಿಲ್ಲ."

ಒಂದನ್ನೂ ತಪ್ಪಿಸಿರಲಿಲ್ಲ.
ಹೊಸದು ಬರೆದವರು ಹಳೇದು ನಿಲ್ಲಿಸು ಅಂದಿರಲಿಲ್ಲ,
ಅಥವಾ ಅಂದಿದ್ದರು, ಹುಬ್ಬಳ್ಳಿಯಲ್ಲಿ ಗಡಿಬಿಡಿಯ ಕನ್ನಡದಲ್ಲಿ,
ಬಾಂಬೋಳಿಯಲ್ಲಿ ಅರ್ಧ ಇಂಗ್ಲಿಷಿನ ಕೊಂಕಣಿಯಲ್ಲಿ,
ಅವಳು ತಲೆಯಾಡಿಸಿದ್ದಳು.
ಮತ್ತೆ ನಾನು?
ಗುರುವಾರದ ಸಾಲು ಬರೆಯುವಾಗ ಸೋಮವಾರದ್ದು
ಎರಡೇ ಬೆರಳು ಮೇಲಿತ್ತು.

"ಈಗ ನೋವಿದೆಯಾ?"
"ಇಲ್ಲವೇ ಇಲ್ಲ! ಬೆನ್ನಿಗೆ ಗಡ್ಡೆ ಇಳಿದ ಮೇಲೆ
ಇಂಥಾ ನಿದ್ದೆ ನೋಡಿದ್ದಿಲ್ಲ. ಕೂಗಿದರೂ ಏಳೋದಿಲ್ಲ.
ಪಕ್ಕ ಕೂತು ಉಸಿರು ಎಣಿಸ್ತೇನೆ."
"ಎಷ್ಟು?"

ಎಣಿಸಿ ತೋರಿಸಿದಳು, ಸಂತೆಯಲ್ಲಿ ಮೀನು ಎಣಿಸುವ ಹಾಗೆ,
ಮೊದಲನೆಯದಕ್ಕೆ ಒಂದು ಅನ್ನದೆ:
ಲಾಭ.
ತಡೆದಳು.
ಎರಡು.
ಕಾಳಿ ಸೇತುವೆಯ ಕಡೆಗೆ ಟ್ಯಾಂಕರೊಂದು ಪೂರ್ತಿ ಹಾದುಹೋಯಿತು.
ಮೂರು.
ಗೋಡೆಯ ಗಡಿಯಾರದ ಕೆಂಪು ಮುಳ್ಳು ಸುತ್ತು ಮುಗಿಸಿದಾಗ
ಅವಳಿನ್ನೂ ಆರರಲ್ಲಿದ್ದಳು.

ನೂರಾಎಂಟಕ್ಕೆ ಹೇಳಿದ್ದು, ಶಟರು ಬೀಳಿಸಿದ್ದು,
ರಿಕ್ಷಾದಲ್ಲಿ ನಮ್ಮಿಬ್ಬರ ನಡುವೆ ಬುಟ್ಟಿ ಕೂತದ್ದು ನೆನಪಿದೆ.
ಯಾವ ದಾರಿಯಲ್ಲಿ ಹೋದೆವೋ ಇಲ್ಲ.

ಜಿಲ್ಲಾಸ್ಪತ್ರೆಯಲ್ಲಿ ನರಕ್ಕೆ ಸೂಜಿ ಹಾಕಿದರು.
ಕಣ್ಣು ತೆರೆಯುವ ಮೊದಲೇ ನೋವು ತೆರೆದುಕೊಂಡಿತು.
ಬುಧಾ ಕಿರುಚಿದ, ಬಲೆಗೆ ಕೈ ಸಿಕ್ಕವನಂತೆ,
ವಾರ್ಡಿನ ಕೊನೆಯ ಮಂಚದವರೂ ಎದ್ದು ಕೂತರು.
ತುಳಸು ನನ್ನ ಕಡೆ ತಿರುಗಿದಳು.
ಉಳಿಸಿದವಳನ್ನು ನೋಡುವ ನೋಟವಲ್ಲ ಅದು.
ಮಲಗಿದ್ದ ನನ್ನ ಗಂಡನನ್ನು
ಯಾಕೆ ಎಬ್ಬಿಸಿದಿ?

ಬಿಳಿ, ಹಳದಿ ಈಗ ನನ್ನ ಡ್ರಾಯರಿನಲ್ಲಿವೆ.
ಮಾರಿದ ಮಾತ್ರೆ ವಾಪಸು ತಗೊಳ್ಳಬಾರದು, ಮಾಲೀಕರ ನಿಯಮ.
ದುಡ್ಡು ನನ್ನ ಪರ್ಸಿನಿಂದ ಕೊಟ್ಟೆ.
ಗಿರಾಕಿ ಗೊಣಗಿದರೂ ಹಿಂದಿನ ಪುಟ ತಿರುವಿ ನೋಡುತ್ತೇನೆ,
ಬರೆಯಲಲ್ಲ, ಓದಲು.

ಹನ್ನೆರಡು ದಿನದ ಮೇಲೆ ಬಂದಳು.
ಗೋವೆಯದೊಂದೇ ಈಗ, ಡಾಕ್ಟರು ಅಳೆದು ಕೊಡುತ್ತಾರಂತೆ.
ನೋವು ಅದೆ, ಮಾತೂ ಅದೆ, ಬೈಗಳೂ ಅದೆ ಅಂದಳು.
ಹೊಟ್ಟೆಯ ಔಷಧಿ ಕೊಂಡು,
ಬುಟ್ಟಿಯ ತಳದಿಂದ ಒಂದು ಹಿಡಿ ಬಂಗಡೆ
ತೂಕದ ಯಂತ್ರದ ಪಕ್ಕ ಹಾಕಿ ಹೋದಳು, ಎಣಿಸದೆ.
ನಾನು ಮೀನು ತಿನ್ನುವುದಿಲ್ಲವೆಂದು
ಹೇಳಲಿಲ್ಲ.