ಮೂರಕ್ಕೊಂದು

ಮೇಲಿನ ಗೂಡಿನಲ್ಲಿ ಬ್ರೇಕು ಹಿಡಿದು ಕೂತವಳು ನಾನು,
ಮನ್‌ಶೋಭಾ ಘಲೆ. ಹನ್ನೊಂದು ವರ್ಷವಾಯಿತು.
ಕೆಳಗೆ, ಬೂಢಿಗಂಡಕಿ ಹೊಳೆಯ ದಡದ ಗೂಡಿನಲ್ಲಿ
ತುಲ್‌ಬೀರ್ ರೋಕಾ.
ಅವನ ಮುಖ ನೋಡಿದ್ದು ನಾಲ್ಕೋ ಐದೋ ಸಲ.
ಕೈ ಮಾತ್ರ ಚೆನ್ನಾಗಿ ಗೊತ್ತು:
ಸಲಾಕೆಯಿಂದ ತಂತಿಗೆ ಬಡಿಯುತ್ತಾನೆ,
ಒಂದು ಅಂದರೆ ತಡಿ. ಎರಡು, ತುಂಬಿದೆ. ಮೂರು, ಬಿಡು.
ಬೆಟ್ಟದುದ್ದಕ್ಕೂ ಆ ಸದ್ದು ಹತ್ತಿ ಬಂದು
ನನ್ನ ಹಲ್ಲಿನಲ್ಲಿ ನಿಲ್ಲುತ್ತದೆ.

ಬಾವಿಯ ರಾಟೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.
ಉಕ್ಕಿನ ಹಗ್ಗ, ಎರಡು ತೊಟ್ಟಿಲು;
ಮೂರು ಮಣ ಇಳಿದರೆ ಒಂದು ಮಣ ಏರುತ್ತದೆ.
ಇಂಜಿನ್ನಿಲ್ಲ, ಎಣ್ಣೆಯಿಲ್ಲ.
(ರಾಟೆಗೆ ಸವರುವ ಗ್ರೀಸು ಉಂಟು. ಸುಳ್ಳು ಯಾಕೆ ಹೇಳಲಿ.)
ನಮ್ಮ ಮೂಲಂಗಿ, ಕೋಸು, ಕಿತ್ತಳೆ,
ಕೆಳಕ್ಕೆ ಬೀಳಬೇಕೆನ್ನುವ ಅವುಗಳ ಹಳೇ ಆಸೆಯಿಂದಲೇ
ಉಪ್ಪು ಮೇಲೇರುತ್ತದೆ.

ಅಮ್ಮನ ಹಣೆಬರಹ ಬ್ರಹ್ಮ ಬರೆದದ್ದಲ್ಲ,
ಬುಟ್ಟಿ ಹೊರುವ ನಾಮ್ಲೋ ಪಟ್ಟಿ ಬರೆದದ್ದು.
ಬೆರಳಿಟ್ಟರೆ ಕೂರುವಷ್ಟು ಆಳದ ಗೆರೆ.
ಅಕ್ಕಿಯ ಜೊತೆ ಸೀಮೆಎಣ್ಣೆ ಡಬ್ಬವನ್ನೂ ಹೊತ್ತು ಹತ್ತುತ್ತಿದ್ದಳು,
ಡಬ್ಬ ಒಸರುತ್ತಿತ್ತು.
ಆ ದೀಪದಲ್ಲೇ ನಾನು ಅಕ್ಷರ ಕಲಿತೆ;
ಪುಸ್ತಕಕ್ಕೂ ಅನ್ನಕ್ಕೂ ಒಂದೇ ವಾಸನೆ.

ಗಡಿಯಲ್ಲಿ ಟ್ಯಾಂಕರುಗಳು ನಿಂತುಹೋದ ವರ್ಷ
ನಮಗೇನು ಎಂದು ನಕ್ಕೆವು.
ನಮ್ಮ ತೊಟ್ಟಿಲು ಯಾರ ಡೀಸೆಲ್ಲಿಗೂ ಕಾಯುವುದಿಲ್ಲ!
ಒಂಬತ್ತನೆಯ ದಿನ ತುಲ್‌ಬೀರ್ ಬಡಿದ: ಒಂದು. ಒಂದು. ಒಂದು.
ಕೆಳಗೆ ಕಿತ್ತಳೆಯ ಗುಡ್ಡ ಕೊಳೆಯುತ್ತಿತ್ತು.
ಲಾರಿಗಳ ಕೆಳಗೆ ಚಾಲಕರು ಕಂಬಳಿ ಹೊದ್ದು ಮಲಗಿದ್ದರು.
ಇಳಿಸಿದ್ದನ್ನು ಒಯ್ಯುವವರಿಲ್ಲ ಎಂದಮೇಲೆ
ಇಳಿಸುವುದೇನು?
ಇಳಿಸದೆ ಏರುವುದೇನು?
ಮೇಲೆ ಉಪ್ಪು ಮುಗಿದಿತ್ತು,
ಶಾಲೆಯ ಮೇಷ್ಟ್ರ ಹೆಂಡತಿಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದಿತ್ತು.

ಕಲ್ಲು ತುಂಬಿದೆವು.
ಯಾರು ಮೊದಲು ಹೇಳಿದರೋ ನೆನಪಿಲ್ಲ, ಎಲ್ಲರೂ ತಾನೇ ಅನ್ನುತ್ತಾರೆ.
ಹೊಲದ ಬದುವಿನ ಕಲ್ಲು, ಬಿದ್ದ ಹಟ್ಟಿಯ ಕಲ್ಲು,
ಮಕ್ಕಳು ಮಡಿಲಲ್ಲಿ ತಂದ ಗುಂಡುಕಲ್ಲು.
ಮೂರು ಮಣ ಕಲ್ಲು ಇಳಿಯಿತು;
ಒಂದು ಮಣ ಉಪ್ಪು, ಮೇಲೊಂದು ಮಾತ್ರೆಯ ಪೊಟ್ಟಣ,
ಮಂಜಿನೊಳಗಿಂದ ತೂಗುತ್ತ ಬಂದವು.
ಐದು ತಿಂಗಳು ಬೆಟ್ಟವನ್ನೇ ಚೂರು ಚೂರು ಕೆಳಗೆ ಕಳಿಸಿ ಉಂಡೆವು.

ಆ ಕಲ್ಲುಗಳನ್ನು ತುಲ್‌ಬೀರ್ ಎಸೆಯಲಿಲ್ಲ, ಕಟ್ಟೆ ಕಟ್ಟಿದ.
ಈಗ ಅದರ ಮೇಲೊಂದು ಲಾರಿ ಬಂದು ನಿಲ್ಲುತ್ತದೆ,
ಸದ್ದಿಲ್ಲದ್ದು, ಬ್ಯಾಟರಿಯದು.
ತೊರೆಯ ಪುಟ್ಟ ವಿದ್ಯುತ್ ಮನೆಯಿಂದ ರಾತ್ರಿಯಿಡೀ ಹೀರುತ್ತದಂತೆ,
ಹಸುವಿನ ಕೆಚ್ಚಲಿಗೆ ಅಂಟಿದ ಕರುವಿನ ಹಾಗೆ.
ಅದನ್ನೋಡಿಸುವ ಹುಡುಗಿ ರೇಜಿನಾ ತಾಮಾಂಗ್
ಒಮ್ಮೆ ಹತ್ತಿ ಬಂದು ಇಲ್ಲೇ ಕೂತು ಚಹಾ ಕುಡಿದಳು.
'ಇಳಿಜಾರಲ್ಲಿ ಅಕ್ಕಾ, ಭಾರವೇ ತಿರುಗಿ ಬ್ಯಾಟರಿ ತುಂಬುತ್ತದೆ!'
ಎಂದು ಕಣ್ಣರಳಿಸಿದಳು.
ನಾನು ಹಗ್ಗದ ಕಡೆ ನೋಡಿದೆ.
ಏನೂ ಹೇಳಲಿಲ್ಲ. ಇನ್ನೊಂದು ಲೋಟ ಬಗ್ಗಿಸಿದೆ.

ರಸ್ತೆ ಬರುತ್ತಿದೆ. ಮೂರನೆಯ ತಿರುವಿನಲ್ಲಿ ಬುಲ್ಡೋಜರು ಕೆಮ್ಮುತ್ತದೆ,
ಅದರ ಹೊಗೆ ಸಂಜೆ ಹೊತ್ತು ನಮ್ಮ ಅಂಗಳಕ್ಕೇ ಬರುತ್ತದೆ.
ನಮ್ಮ ಕಂಬಕ್ಕೆ ಯಾರೋ ಕೆಂಪು ಬಣ್ಣದಲ್ಲಿ ಅಂಕಿ ಬರೆದುಹೋಗಿದ್ದಾರೆ.
ಹಗ್ಗವನ್ನು ಗುಜರಿಗೆ ತೂಕಕ್ಕೆ ಹಾಕಬಹುದು ಎನ್ನುತ್ತಾನೆ ಅಳಿಯ.
ಹಾಕಲಿ. ಅದಕ್ಕೂ ತೂಕ ಗೊತ್ತು.

ಇವತ್ತು ಬೆಳಿಗ್ಗೆ ತಂತಿ ನಾಲ್ಕು ಸಲ ಬಡಿಯಿತು.
ನಾಲ್ಕಕ್ಕೆ ನಮ್ಮಲ್ಲಿ ಅರ್ಥವಿಲ್ಲ.
ಬ್ರೇಕು ಬಿಗಿಹಿಡಿದು ಕೂತಿದ್ದೇನೆ, ತೊಟ್ಟಿಲು ತುಂಬಿದೆ,
ಕೋಸಿನೆಲೆಯ ಮೇಲೆ ಇಬ್ಬನಿ ಇನ್ನೂ ಆರಿಲ್ಲ.
ಕಿವಿಯನ್ನು ತಂತಿಗೆ ಒತ್ತಿದರೆ
ಅಲ್ಲಿ, ಕೆಳಗೆ, ಅವನ ಉಸಿರೋ
ಹೊಳೆಯೋ.